ಬೇಡ ಹೇಳುವ ಶಾಸ್ತ್ರ

ನಮ್ಮೂರಿನಲ್ಲಿ ಮನೆ ಕಟ್ಟಿಸುವುದು ಅಗ್ಗ, ಕಟ್ಟಿದ ಮನೆ ಕೊಳ್ಳುವುದು ದುಬಾರಿ ಎಂದು ನಮ್ಮ ಯಜಮಾನರು ಯಾವಾಗಲೂ ಹೇಳುತ್ತಿದ್ದರು. ಕಟ್ಟಿಸುವುದಕ್ಕೆ ಕಲ್ಲು, ಇಟ್ಟಿಗೆ, ಸಿಮೆಂಟು, ಜೊತೆಗೆ ಪಾಯಕ್ಕೆ ಹಾಕಲು ಮನೆಯವರಲ್ಲಿ ಒಬ್ಬರ ಒಳಗಿನದು ಏನಾದರೂ ಒಂದು ಇದ್ದರೆ ಆಯಿತು. ಅದನ್ನು ಅಂಗಡಿಯಿಂದ ತರಬೇಕಾಗಿಲ್ಲ, ಮನೆಯಲ್ಲೇ ಇರುತ್ತದೆ, ಹಾಗಾಗಿ ಅದು ಖರ್ಚಲ್ಲ ಎಂಬುದು ಅವರ ಲೆಕ್ಕಾಚಾರ.

ಎದುರುಮನೆಯ ಶಾರದಮ್ಮ ತಮ್ಮ ಮಧ್ಯಾಹ್ನದ ನಿದ್ದೆ ಕೊಟ್ಟಿದ್ದರು. ಆ ಮನೆಯಲ್ಲಿ ಊಟವಾದ ಮೇಲೆ ಗಂಡ, ಮಕ್ಕಳು, ಬಂದ ನೆಂಟರು ಎಲ್ಲರೂ ಮಗುವಿನ ಹಾಗೆ ಮಲಗುತ್ತಿದ್ದರು. ಶಾರದಮ್ಮ ಒಬ್ಬರೇ ಕೂತು ಅಕ್ಕಿ ಆರಿಸುತ್ತಿದ್ದರು. ಕೊಟ್ಟದ್ದು ಆ ಮನೆಯೊಳಗೆ ಇರುವ ಎಲ್ಲರಿಗೂ ಸಿಗುತ್ತದೆ, ಕೊಟ್ಟವರಿಗೆ ಮಾತ್ರ ಸಿಗುವುದಿಲ್ಲ. ಹೊಸಿಲು ದಾಟಿ ಹೊರಗೆ ಬಂದರೆ ಯಾರಿಗೂ ಇಲ್ಲ. ಗಂಡಸರು ಕೊಟ್ಟದ್ದೇ ಇಲ್ಲ ಎನ್ನಲಾಗದು. ಹಿಂದಿನ ಪೋಸ್ಟ್ ಮಾಸ್ತರರು ತಮ್ಮ ಮೂಗಿಗೆ ವಾಸನೆ ತಿಳಿಯುವುದನ್ನು ಕೊಟ್ಟು ಮನೆ ಕಟ್ಟಿಸಿದರು ಎಂದು ಊರವರು ಬಸ್‌ಸ್ಟ್ಯಾಂಡಿನಲ್ಲಿ ಅವರ ಹೆಸರು ಕೆತ್ತಿಸಿ ಒಂದು ಕಲ್ಲುಬೆಂಚು ಹಾಕಿಸಿದ್ದಾರೆ. ಕೊಟ್ಟ ಹೆಂಗಸರಿಗೆಲ್ಲ ಬೆಂಚು ಹಾಕಿಸಲು ಹೊರಟರೆ ಬಸ್ಸು ನಿಲ್ಲಲು ಜಾಗ ಉಳಿಯುವುದಿಲ್ಲ. ನಮ್ಮ ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಅಲ್ಲಿ ಮನೆಗಳು ಬರೀ ಸಿಮೆಂಟಿನ ಮೇಲೇ ನಿಲ್ಲುತ್ತವಂತೆ. ನಮ್ಮತ್ತೆ ತುಂಗಮ್ಮನವರು ಇದನ್ನು ನಂಬುವುದಿಲ್ಲ.

ನಾವಿದ್ದದ್ದು ಬಾಡಿಗೆ ಮನೆ. ಮಾಲೀಕರ ಮಗನಿಗೆ ಮದುವೆ ಗೊತ್ತಾಗಿ, ಯುಗಾದಿಯೊಳಗೆ ಬಿಟ್ಟುಕೊಡಿ ಎಂದರು. ಕೆರೆಯಾಚೆ ನಮ್ಮದೊಂದು ಸೈಟಿತ್ತು. ಮೇಸ್ತ್ರಿ ಪುಟ್ಟಮಾದ ಬಂದು ದಾರ ಹಿಡಿದು ಗುರುತು ಹಾಕಿದ. ಪಾಯಕ್ಕೆ ನಮ್ಮವರೇ ಮುಂದಾದರು. ಬರಿಗಾಲಲ್ಲಿ ನಿಂತು, ಕಲಸಿದ ಗಾರೆ ಒಂದು ಹಿಡಿ ತೆಗೆದುಕೊಂಡು, ‘ನನ್ನ ಸಿಗರೇಟಿನ ಆಸೆ ಕೊಟ್ಟೆ’ ಎಂದು ಗುಂಡಿಗೆ ಹಾಕಿದರು. ಡಾಕ್ಟರ ಮಾತಿಗೆ ಹೆದರಿ ಸಿಗರೇಟು ಬಿಟ್ಟು ಆಗಲೇ ಎಷ್ಟೋ ವರ್ಷವಾಗಿತ್ತು. ಗೋಡೆ ಮೊಣಕಾಲೆತ್ತರ ಬಂದು, ಹೊಟ್ಟೆ ತುಂಬಾ ಉಂಡವರ ಹಾಗೆ ಮೆಲ್ಲಗೆ ಕೂತುಕೊಂಡಿತು. ಎರಡನೆಯ ಸಲ, ಬೆಳಗಿನ ಜಾವ ಏಳುವ ಅಭ್ಯಾಸ ಕೊಟ್ಟರು. ಆ ಅಭ್ಯಾಸವನ್ನು ಅವರಲ್ಲಿ ನಾನಾಗಲಿ ಅವರ ತಾಯಿಯಾಗಲಿ ಕಂಡವರಲ್ಲ. ಮೇಸ್ತ್ರಿ ತಲೆಗೆ ಟವಲು ಸುತ್ತಿಕೊಳ್ಳುವಷ್ಟರಲ್ಲಿ ಇಟ್ಟಿಗೆ ಜಾರಿತು.

‘ಸ್ವಾಮಿ, ಆಮೇಲೆ ನೆನೆಸ್ಕೊಂಡು ಒದ್ದಾಡೋ ಅಂಥದ್ದು ಕೊಡಬೇಕು,’ ಎಂದ ಪುಟ್ಟಮಾದ. ‘ಬೆಳಿಗ್ಗೆ ಪೇಪರ್ ಓದ್ತೀರಲ್ಲ, ಆ ಖುಷಿ ಕೊಡಿ. ಮಾಳಿಗೆವರೆಗೂ ಅಲ್ಲಾಡಲ್ಲ.’

‘ಹಂಗಂದ್ರೆ ಹೇಗಯ್ಯ, ಮನೇಲಿ ಒಬ್ಬರಿಗಾದರೂ ಲೋಕದ ವಿಷಯ ತಿಳಿದಿರಬೇಡ್ವಾ,’ ಎಂದು ನಮ್ಮವರು ನಕ್ಕರು.

ಅತ್ತೆ ತಮ್ಮ ಸಂಸಾರದ ವ್ಯಾಮೋಹ ಕೊಡುತ್ತೇನೆಂದು ನಿಂತರು. ಗಾರೆ ಹಾಕಿದ ಕೈ ತೊಳೆಯುವ ಮೊದಲೇ, ಮರಳಿನ ಗುಡ್ಡೆಯ ಪಕ್ಕ ಬಿಟ್ಟಿದ್ದ ಚಪ್ಪಲಿ ಯಾರು ಹಾಕಿಕೊಂಡು ಹೋದರು ಎಂದು ವಿಚಾರಿಸತೊಡಗಿದರು. ಆ ಗೋಡೆ ಮೇಲೇಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

ಮುಂದಿನ ಮಾತಿಗೆಂದು ಪುಟ್ಟಮಾದ ಒಂದು ಸಂಜೆ ನಮ್ಮ ಬಾಡಿಗೆ ಮನೆಗೆ ಬಂದ. ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದೆ. ಸಂಜೆ ದೀಪ ಹಚ್ಚುವ ಮೊದಲು, ಮಧ್ಯಾಹ್ನದ ಪಾತ್ರೆ ಕವುಚಿಟ್ಟು, ರಾತ್ರಿಯ ಅಡಿಗೆಗೆ ಇನ್ನೂ ಕೈ ಹಾಕದೆ, ನಾನು ಅಲ್ಲಿ ಸುಮ್ಮನೆ ಕೂರುತ್ತಿದ್ದೆ. ಏನು ಮಾಡುತ್ತಿದ್ದೆ ಎಂದರೆ ಹೇಳಲು ಏನೂ ಇಲ್ಲ. ಜಪವಲ್ಲ, ಯೋಚನೆಯೂ ಅಲ್ಲ. ಬಟ್ಟೆ ಒಗೆಯುವ ಕಲ್ಲನ್ನು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ನಾನು ಇವರ ಹೆಂಡತಿ, ಅವರ ಸೊಸೆ, ಅವಳ ತಾಯಿ ಎಂಬುದೆಲ್ಲ ಒಂದೊಂದಾಗಿ, ಒದ್ದೆ ಸೀರೆಯಿಂದ ನೀರಿಳಿದ ಹಾಗೆ ಇಳಿದುಹೋಗುತ್ತಿತ್ತು. ಉಳಿದದ್ದಕ್ಕೆ ಹೆಸರಿರಲಿಲ್ಲ. ಅದು ಬಹಳ ಹಗುರವಾಗಿತ್ತು, ನನಗೆ ಅದರ ಪರಿಚಯವಿತ್ತು. ಒಳಗಿನಿಂದ ಯಾರಾದರೂ ಕೂಗಿದರೆ ಮತ್ತೆ ಎಲ್ಲವನ್ನೂ ಉಟ್ಟುಕೊಂಡು ಎದ್ದು ಹೋಗುತ್ತಿದ್ದೆ. ಇಡೀ ದಿನದಲ್ಲಿ ನನ್ನದು ಎನ್ನಬಹುದಾದದ್ದು ಅಷ್ಟೇ.

ಪುಟ್ಟಮಾದ ಎರಡು ಸಲ ಕರೆದನಂತೆ, ನನಗೆ ಕೇಳಿಸಲಿಲ್ಲ. ಅವನು ಒಳಗೆ ಹೋಗಿ, ‘ಸ್ವಾಮಿ, ಮನೇಲೇ ಇಟ್ಕೊಂಡು ಊರೆಲ್ಲ ಹುಡುಕ್ತಿದೀರಲ್ಲ. ಅಮ್ಮಾವ್ರು ಹಿತ್ತಲಲ್ಲಿ ಕೂತಿದಾರಲ್ಲ, ಅದು ಎರಡು ಅಂತಸ್ತು ಹೊರುತ್ತೆ,’ ಎಂದ.

‘ಯಾವುದು? ಅವಳು ಸುಮ್ನೆ ಕೂತಿರೋದಾ?’ ಎಂದರು ನಮ್ಮವರು. ಅವರಿಗೆ ನಿಜವಾಗಿ ಆಶ್ಚರ್ಯವಾಗಿತ್ತು. ಹಿತ್ತಿಲ ಬಾಗಿಲಿಗೆ ಬಂದು, ಕಳೆದುಹೋಗಿದ್ದ ಛತ್ರಿ ಬಾಗಿಲ ಹಿಂದೆ ಸಿಕ್ಕವರ ಹಾಗೆ ನನ್ನನ್ನು ನೋಡಿದರು. ‘ಏನೇ ಮಂಗಳಾ, ಅಷ್ಟೇ ಸಾಕಂತೆ. ಅದರಿಂದ ನಿನಗೇನೂ ಉಪಯೋಗ ಇಲ್ಲ ತಾನೆ?’

ಉಪಯೋಗವಿಲ್ಲ ಎಂಬುದು ನಿಜವೇ. ಅದಕ್ಕೇ ಅದು ನನಗೆ ಬೇಕಾಗಿತ್ತು. ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ‘ಹೂಂ’ ಎಂದೆ. ನಾನು ‘ಹೂಂ’ ಎನ್ನುವವಳು. ತವರಿನಲ್ಲಿ ಅದನ್ನು ಗುಣವೆಂದು ಹೇಳಿಯೇ ನನ್ನನ್ನು ಕೊಟ್ಟದ್ದು. ಅತ್ತೆ ಕಾಫಿಗೆ ಸಕ್ಕರೆ ಹಾಕಿ ಎಲ್ಲರಿಗೂ ಕೊಟ್ಟರು, ತಮಗೆ ಹಾಕಿಕೊಳ್ಳಲಿಲ್ಲ. ಅವರು ಸಿಹಿ ತಿನ್ನುವುದನ್ನು ನಾನು ಕಂಡೇ ಇಲ್ಲ.

ಮರುದಿನ ಸಂಜೆ ಮೆಟ್ಟಿಲ ಮೇಲೆ ಕೂತರೆ, ಬೀಳ್ಕೊಡುಗೆಗೆ ಬಂದವರ ಪಕ್ಕ ಕೂತ ಹಾಗಾಯಿತು. ಒಗೆಯುವ ಕಲ್ಲು ನೋಡಿದೆ. ಏನೂ ಇಳಿಯಲಿಲ್ಲ. ಇದು ಹೋದ ಮೇಲೆ ಸಂಜೆ ಹೊತ್ತು ನಾನು ಎಲ್ಲಿಗೆ ಹೋಗಬೇಕು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಪಾಯಕ್ಕೆ ಹಾಕುವ ಮೊದಲು ನಮ್ಮೂರಿನಲ್ಲಿ ಒಂದು ಶಾಸ್ತ್ರವಿದೆ. ಮಾರಾಟಕ್ಕಿರುವ ಹಳೆಯ ಮನೆಯೊಂದಕ್ಕೆ ಹೋಗಿ, ಬೆಲೆ ಕೇಳಿ, ಕಾಫಿ ಕುಡಿದು, ಪಾಯಕ್ಕೆ ಕೊಡುವವರು ಆ ಮನೆಯ ಒಲೆಯ ಮುಂದೆ ನಿಂತು ‘ಈ ಮನೆ ನಮಗೆ ಬೇಡ’ ಎಂದು ಹೇಳಿ ಬರಬೇಕು. ಕೇಳದೆಯೇ ಹೊಸದು ಕಟ್ಟಿದರೆ ಹಳೆಯ ಮನೆಗಳಿಗೆ ನೋವಾಗುತ್ತದೆ ಎನ್ನುತ್ತಾರೆ. ತಮ್ಮ ಸರದಿಯಲ್ಲಿ ಅವಸರಕ್ಕೆ ಬಿಟ್ಟಿದ್ದ ಇದನ್ನು ನಮ್ಮವರು ನನ್ನ ಸರದಿಗೆ ನೆನಪು ಮಾಡಿಕೊಂಡರು. ಮಾರುವವರಿಗೂ ಇದು ಗೊತ್ತು. ಬಂದವರು ಕೊಳ್ಳಲು ಬಂದವರೋ ಬೇಡ ಹೇಳಲು ಬಂದವರೋ ಎಂದು ಮುಖ ನೋಡಿಯೇ ತಿಳಿದು, ಕಾಫಿಗೆ ಹಾಲು ಎಷ್ಟು ಹಾಕಬೇಕೆಂದು ತೀರ್ಮಾನಿಸುತ್ತಾರೆ.

ಬೇಡ ಹೇಳಲು ಸುಲಭವಾಗಲಿ ಎಂದು ನಮ್ಮವರು ಗಂಗಾಧರಯ್ಯನವರ ಮನೆ ಆರಿಸಿದರು. ಇಡೀ ಊರಿನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಮನೆ ಇರಲಿಲ್ಲ, ಆದರೂ ಅದು ಬಿಕರಿಯಾಗಿರಲಿಲ್ಲ. ತೇಗದ ಬಾಗಿಲು, ಗಾಳಿ ಬೆಳಕಿನ ಹಜಾರ, ಹಿತ್ತಲಲ್ಲಿ ಬತ್ತದ ಬಾವಿ, ಎಲ್ಲ ಇತ್ತು. ಅದರ ಪಾಯದಲ್ಲಿ ಅವರ ಹೆಂಡತಿ ಪಂಕಜಾಕ್ಷಮ್ಮನ ಕೋಪವಿತ್ತು.

ಹೊಸಿಲು ದಾಟಿದ್ದೇ ನನ್ನ ಕಿವಿ ಬಿಸಿಯಾಯಿತು. ನಮ್ಮವರು ಜಗಲಿಯ ಮೇಲೆ ನಗುತ್ತ ಬಂದವರು ಒಳಗೆ ಕಾಲಿಟ್ಟ ತಕ್ಷಣ, ‘ಛತ್ರಿ ಎಲ್ಲಿಟ್ಟೆ? ಒಂದು ಕೆಲಸ ನೆಟ್ಟಗೆ ಮಾಡಲ್ಲ,’ ಎಂದರು. ಅತ್ತೆ ಕುರ್ಚಿಯ ಮೇಲೆ ಕೂತು, ಇದು ಕುರ್ಚಿಯೋ ಮೊಳೆಯ ಪೆಟ್ಟಿಗೆಯೋ ಎಂದು ಗೊಣಗಿದರು. ಗಂಗಾಧರಯ್ಯ ಒಳಗೇ ಬರಲಿಲ್ಲ. ಹೊರಗೆ ಜಗಲಿಯ ಮೇಲೆ ಕೂತು, ‘ನೋಡಿ ನೋಡಿ, ನಿಧಾನವಾಗಿ ನೋಡಿ,’ ಎಂದು ಶಾಂತವಾಗಿ ಹೇಳಿದರು.

ನಾನು ಅಡಿಗೆಮನೆಗೆ ಹೋದೆ. ಪಂಕಜಾಕ್ಷಮ್ಮ ಕಾಫಿ ಸೋಸುತ್ತಿದ್ದರು. ಎಷ್ಟೋ ಸಲ ಒಗೆದ ಹತ್ತಿ ಸೀರೆಯ ಹಾಗೆ ಮೆತ್ತಗಿನ ಹೆಂಗಸು.

‘ಬೇಡ ಹೇಳೋಕೆ ಬಂದ್ರಾ?’ ಎಂದರು.

‘ಹೂಂ.’

‘ಪರವಾಗಿಲ್ಲಮ್ಮ. ಮೊನ್ನೆನೂ ಒಬ್ರು ಬಂದು ಹೇಳಿ ಹೋದ್ರು. ನೀವೇ ಕೊಡೋದಾ? ಏನು ಕೊಡ್ತಿದೀರಿ?’

ಹೇಳಿದೆ. ಅವರು ಸೋಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ‘ನಾನು ಕೊಟ್ಟಾಗ ಮದುವೆಯಾಗಿ ಹೊಸದು. ಆಗ ನನಗೆ ಭಾರಿ ಕೋಪ. ನಮ್ಮ ಮಾವ ಹೇಳಿದ್ರು, ಅದನ್ನೇ ಹಾಕಿಬಿಡು, ಮನೆನೂ ನಿಲ್ಲುತ್ತೆ ಸೊಸೆನೂ ಪಳಗ್ತಾಳೆ ಅಂತ. ಎಲ್ರೂ ನಕ್ಕರು. ನಾನೂ ನಕ್ಕೆ.’

‘ಆಮೇಲೆ?’

‘ಆಮೇಲೇನು, ಎಲ್ರಿಗೂ ಬಂತು. ಮಾವನಿಗೆ, ಇವರಿಗೆ, ಮೈದುನಂಗೆ. ನನ್ನ ಕೋಪ ನನಗೆ ಗುರುತು ಸಿಗಲ್ವೇನಮ್ಮ? ಬಯ್ಯೋಕೆ ಮುಂಚೆ ನಾನು ಒಂದು ಗಳಿಗೆ ಸೆರಗು ಬಿಗಿದು ಸುಮ್ಮನೆ ನಿಲ್ತಿದ್ದೆ. ಇವರೂ ಹಾಗೇ, ಪಂಚೆ ಬಿಗಿದು ಸುಮ್ಮನೆ ನಿಂತು ಆಮೇಲೆ ಶುರುಮಾಡೋರು. ಇಷ್ಟು ವರ್ಷ ನನ್ನ ಕೋಪದಲ್ಲೇ ನನ್ನ ಬೈದ್ರು. ಎದುರು ಮಾತಾಡೋಣ ಅಂದ್ರೆ ನನ್ನ ಹತ್ರ ಏನಿತ್ತು. ಸಕ್ಕರೆ ಸಾಕಾ ನೋಡಿ.’

‘ಈಗ ಯಾಕೆ ಮಾರ್ತಿದೀರಿ?’

‘ಇವರಿಗೆ ಬಿ.ಪಿ. ಡಾಕ್ಟ್ರು ಕೋಪ ಮಾಡ್ಕೋಬಾರದು ಅಂದಿದಾರೆ,’ ಎಂದರು ಪಂಕಜಾಕ್ಷಮ್ಮ. ಅವರ ದನಿಯಲ್ಲಿ ವ್ಯಂಗ್ಯವೂ ಇರಲಿಲ್ಲ. ಅದಕ್ಕೂ ಸ್ವಲ್ಪ ಕೋಪ ಬೇಕಾಗುತ್ತದೆ.

ಲೋಟ ಹಿಡಿದು ನಿಂತ ನನಗೆ ಕೆರೆಯಾಚೆಯ ಹೊಸ ಮನೆ ಕಣ್ಣೆದುರು ಬಂತು. ಹಿತ್ತಿಲ ಮೆಟ್ಟಿಲ ಮೇಲೆ ನಮ್ಮವರು ಕೂತಿದ್ದಾರೆ. ಎಲ್ಲ ಇಳಿದುಹೋಗಿ ಹಗುರವಾದ ಮುಖ. ಪಕ್ಕದಲ್ಲಿ ಅತ್ತೆ, ಅವರ ಪಕ್ಕ ಬಂದ ನೆಂಟರು, ಸಾಲಾಗಿ, ನನ್ನ ಆ ಸಂಜೆಯಲ್ಲಿ ಕೂತಿದ್ದಾರೆ. ಅವರಿಗೆ ಯಾರು ಕೂಗಿದರೂ ಕೇಳಿಸುವುದಿಲ್ಲ. ನಾನು ಕಾಫಿ ತಟ್ಟೆ ಹಿಡಿದು ಹಿಂದೆ ನಿಂತಿದ್ದೇನೆ, ಆರಿಹೋಗುತ್ತದಲ್ಲ ಎಂದು ಕಾಯುತ್ತ.

‘ಬೇಡ ಅಂತ ಒಂದು ಮಾತು ಹೇಳೋಕೆ ಎಷ್ಟು ಹೊತ್ತೇ?’ ಎಂದು ನಮ್ಮವರು ಹಜಾರದಿಂದ ಅಡಿಗೆಮನೆಯ ಬಾಗಿಲಿಗೆ ಬಂದರು.

ನಾನು ಲೋಟ ಇಟ್ಟೆ. ಸೆರಗು ಬಿಗಿದೆ. ಒಂದು ಗಳಿಗೆ ಸುಮ್ಮನೆ ನಿಂತೆ. ಎದುರಿಗಿದ್ದ ಪಂಕಜಾಕ್ಷಮ್ಮನ ಕಣ್ಣು ಅಗಲವಾಯಿತು, ಎಂದೋ ಕಳೆದುಕೊಂಡ ಬಳೆಯನ್ನು ಇನ್ನೊಬ್ಬರ ಕೈಯಲ್ಲಿ ಕಂಡವರ ಹಾಗೆ.

‘ಬೇಡ,’ ಎಂದೆ. ‘ಕೆರೆಯಾಚೆ ಮನೆ ನಂಗೆ ಬೇಡ. ಇದು ಬೇಕು. ನಾನು ಸುಮ್ನೆ ಕೂರೋದನ್ನ ಯಾವ ಗುಂಡಿಗೂ ಹಾಕಲ್ಲ.’

‘ಹುಚ್ಚು ಹಿಡೀತಾ? ಶಾಸ್ತ್ರಕ್ಕೆ ಅಂತ ಬಂದು—’

‘ಶಾಸ್ತ್ರನೇ ಮಾಡ್ತಿರೋದು. ಬೇಡ ಹೇಳು ಅಂದ್ರಿ, ಹೇಳ್ದೆ. ನಿಮ್ಮ ಪೇಪರು ಕೊಡಿ ಅಂದ್ರೆ ಲೋಕಜ್ಞಾನ ಅಂದ್ರಿ. ನಂದು ಕೊಡೋವಾಗ ಉಪಯೋಗ ಇಲ್ಲ ಅಂದ್ರಿ. ಮೂವತ್ತು ವರ್ಷದ ಸಂಸಾರದಲ್ಲಿ ಉಪಯೋಗ ಇಲ್ಲದ್ದು ಅಂತ ನಾನು ಇಟ್ಕೊಂಡಿರೋದು ಅದೊಂದೇ ಕಣ್ರೀ.’

ಅವರಿಗೂ ಅದೇ ಮನೆಯ ಕೋಪ ಬಂದಿತ್ತು. ಪಂಚೆ ಬಿಗಿದು ನಿಂತರು. ಬಾಡಿಗೆ ಮನೆ ಮಳೆಗೆ ಸೋರಿದ್ದು, ನಾನು ಬೇಳೆ ಸೀಯಿಸಿದ್ದು, ನನ್ನ ತಮ್ಮನ ಮದುವೆಯ ಊಟ, ಎಲ್ಲ ಹೊರಗೆ ಬಂತು. ನಾನೂ ಬಿಡಲಿಲ್ಲ. ನಾವಿಬ್ಬರೂ ಹಾಗೆ ಸಮಸಮನಾಗಿ ಜಗಳವಾಡಿದ್ದು ಅದೇ ಮೊದಲು. ನಡುವೆ ಅತ್ತೆ ಎದ್ದು ಬಂದರು. ಮಗನ ಪರವಾಗಿ ಎಂದುಕೊಂಡೆ.

‘ನಿಲ್ಸೋ,’ ಎಂದರು ಮಗನಿಗೆ. ‘ನಿಮ್ಮಪ್ಪನೂ ಹೀಗೇ ಕೇಳಿದ್ದು. ತುಂಗಾ, ನೀನು ಅಷ್ಟೇನು ಸಿಹಿ ತಿನ್ನಲ್ವಲ್ಲ ಅಂತ. ಯಾಕೆ ತಿಂತಿರಲಿಲ್ಲ, ನಿಮಗೆಲ್ಲ ಬಡಿಸಿ ಉಳಿದ್ರೆ ತಾನೆ? ನನ್ನ ನಾಲಿಗೆ ಸಿಹಿ ಆ ಮನೆ ಪಾಯದಲ್ಲಿದೆ. ಮನೆ ಪಾಲಿನಲ್ಲಿ ನಿಮ್ಮಣ್ಣನಿಗೆ ಹೋಯ್ತು. ಅಲ್ಲಿ ಅವನ ಹೆಂಡ್ತಿ ಬರೀ ನೀರು ಕುಡಿದ್ರೂ ಪಾಯಸ ಅಂತಾಳೆ. ನಾನು ಬೆಲ್ಲ ಬಾಯಿಗೆ ಹಾಕಿದ್ರೆ ಮಣ್ಣು. ಯಾರಾದ್ರೂ ಒಬ್ರು ಕೇಳಿದ್ರೇನೋ?’

ನಮ್ಮವರು ಸರಸರನೆ ಹೊಸಿಲು ದಾಟಿ ಹೊರಗೆ ಹೋದರು. ಹೊರಗೆ ಕಾಲಿಟ್ಟದ್ದೇ ಕೋಪವಿಳಿಯಿತು. ಕಿಟಕಿಯ ಹತ್ತಿರ ಬಂದು ಮೃದುವಾಗಿ ಕರೆದರು. ‘ಮಂಗಳಾ, ಹೊರಗೆ ಬಾ. ಇಲ್ಲಿ ನಿಂತು ಸಮಾಧಾನವಾಗಿ ಮಾತಾಡೋಣ.’

ಆ ದನಿ ನನಗೆ ಗೊತ್ತು. ಹೊರಗೆ ಹೋದರೆ ನಾನು ‘ಹೂಂ’ ಎನ್ನುತ್ತೇನೆಂಬುದೂ ಗೊತ್ತು. ಈ ಗೋಡೆಗಳ ಆಚೆ ನನ್ನಲ್ಲಿ ಏನೂ ಇರುವುದಿಲ್ಲ. ಒಲೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ.

‘ನಾನು ಬರಲ್ಲ. ನೀವೇ ಒಳಗೆ ಬಂದು ಮಾತಾಡಿ.’

ಅವರು ಒಳಗೆ ಬಂದರು, ಕೂಗಾಡಿದರು, ಹೊರಗೆ ಹೋದರು, ತಣ್ಣಗಾದರು, ಮತ್ತೆ ಬಂದರು. ಗಂಗಾಧರಯ್ಯ ಜಗಲಿಯ ಮೇಲಿಂದ, ‘ಹೀಗೆ ಓಡಾಡಬೇಡಿ ಸ್ವಾಮಿ, ನನಗೂ ಬಿ.ಪಿ. ಬಂದದ್ದು ಹೀಗೇ,’ ಎಂದು ಬುದ್ಧಿ ಹೇಳಿದರು. ಅತ್ತೆ ಬಂದು ನನ್ನ ಪಕ್ಕ ಗೋಡೆಗೊರಗಿ ಕಾಲು ಚಾಚಿ ಕೂತರು. ‘ನಾನೂ ಬರಲ್ಲ,’ ಎಂದರು. ಇಬ್ಬರು ಹೆಂಗಸರೂ ಇಲ್ಲದ ಮನೆಗೆ ಹೋಗಿ ಒಲೆ ಹಚ್ಚುವುದನ್ನು ಯೋಚಿಸಿದರೋ ಏನೋ, ನಮ್ಮವರು ಬಹಳ ಹೊತ್ತು ಜಗಲಿಯಲ್ಲಿ ಕೂತಿದ್ದು, ಕೊನೆಗೆ ಗಂಗಾಧರಯ್ಯನವರ ಕೈಗೆ ಅಡ್ವಾನ್ಸ್ ಕೊಟ್ಟರು. ಪಂಕಜಾಕ್ಷಮ್ಮ ಎಲ್ಲರಿಗೂ ಮತ್ತೆ ಕಾಫಿ ಮಾಡಿದರು. ಈ ಸಲ ಹಾಲು ಗಟ್ಟಿಯಾಗಿತ್ತು.

ಸೈಟು ಮಾರಿ ಆ ಮನೆ ಕೊಂಡೆವು. ಕೊಳ್ಳುವುದು ಕಟ್ಟಿಸುವುದಕ್ಕಿಂತ ಅಗ್ಗವಾಯಿತೆಂದು ನಾನು ಹೇಳುವುದಿಲ್ಲ. ಆ ಮನೆಯಲ್ಲಿ ಬೆಳಗಾದರೆ ಜಗಳ. ಅತ್ತೆ ಹಾಲಿನವನ ಜೊತೆ, ನಮ್ಮವರು ಪೇಪರಿನ ಜೊತೆ, ನಾನು ಎಲ್ಲರ ಜೊತೆ. ಬಂದ ನೆಂಟರು ಎರಡನೆಯ ದಿನವೇ ಬಟ್ಟೆ ಕಟ್ಟುತ್ತಿದ್ದರು. ಮಗಳು ರಜೆಗೆ ಬಂದು, ‘ಅಮ್ಮ, ನೀನು ಎಷ್ಟು ಚೆನ್ನಾಗಿ ಬೈತೀಯ,’ ಎಂದು ಸಿಟ್ಟಿನಿಂದಲೇ ಮೆಚ್ಚಿದಳು. ಪಂಕಜಾಕ್ಷಮ್ಮ ಪೇಟೆಗೆ ಹೋಗುವಾಗ ಆಗೀಗ ನಮ್ಮ ಬೇಲಿಯ ಹತ್ತಿರ ನಿಲ್ಲುತ್ತಿದ್ದರು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ‘ಇಲ್ಲೇ ಚೆನ್ನಾಗಿ ಕೇಳಿಸುತ್ತೆ,’ ಎನ್ನುತ್ತಿದ್ದರು.

ಆದರೆ ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆನೋ ಅದು ಆ ಮನೆಯಲ್ಲಿ ಆಗಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತ ತಕ್ಷಣ ಕೋಪ ಪಕ್ಕದಲ್ಲಿ ಬಂದು ಕೂರುತ್ತಿತ್ತು. ಹಿತ್ತಲೂ ಹೊಸಿಲ ಒಳಗಿನದೇ. ಬಾವಿಯನ್ನು ನೋಡಿದರೆ ಅದರ ಹಗ್ಗ ಯಾಕೆ ಹಾಗೆ ಬಿದ್ದಿದೆ, ಯಾರು ಬಿಸಾಡಿದರು, ಇಪ್ಪತ್ತೆಂಟು ವರ್ಷದ ಕೆಳಗೆ ಯಾರು ಏನಂದರು ಎಂದು ಸುರುವಾಗುತ್ತಿತ್ತು. ನನ್ನ ಸುಮ್ಮನಿರುವಿಕೆಯನ್ನು ಉಳಿಸಿಕೊಂಡಿದ್ದೆ, ಅದನ್ನು ಹಾಸಲು ಜಾಗವಿರಲಿಲ್ಲ. ಕೆಲವು ದಿನ ಒದ್ದಾಡಿದೆ. ಆಮೇಲೆ ಒಂದು ಸಂಜೆ, ಪಾತ್ರೆ ಕವುಚಿಟ್ಟು, ಮುಂಬಾಗಿಲಿನಿಂದ ಇಳಿದು, ರಸ್ತೆ ದಾಟಿ, ಎದುರಿನ ಮೋರಿ ಕಟ್ಟೆಯ ಮೇಲೆ ಹೋಗಿ ಕೂತೆ.

ನಮ್ಮೂರಿನಲ್ಲಿ ಹೆಂಗಸರು ರಸ್ತೆಯಲ್ಲಿ ನಿಲ್ಲಬಹುದು, ಹೂ ಕೊಳ್ಳಬಹುದು, ಬಸ್ಸಿಗೆ ಕಾಯಬಹುದು. ಏನಕ್ಕೂ ಅಲ್ಲದೆ ಕೂರುವ ಹಾಗಿಲ್ಲ. ಹೋಗಿ ಬರುವವರೆಲ್ಲ, ‘ಯಾರಿಗೆ ಕಾಯ್ತಿದೀರಿ?’ ಎಂದು ಕೇಳಿದರು. ‘ಯಾರಿಗೂ ಇಲ್ಲ’ ಎಂದೆ. ‘ಮೈ ಹುಷಾರಿಲ್ವಾ?’ ಎಂದರು. ಕೊನೆಗೆ, ಕೋಪದ ಮನೆಯವಳಲ್ಲವೇ, ಕೇಳುವುದು ಯಾಕೆ ಎಂದು ಬಿಟ್ಟುಬಿಟ್ಟರು. ಕೋಪ ನನ್ನ ಹಿಂದೆ ರಸ್ತೆ ದಾಟಿ ಬರುವುದಿಲ್ಲ ಎಂಬುದನ್ನು ಅವರು ಮರೆತದ್ದು ನನಗೆ ಅನುಕೂಲವಾಯಿತು. ಮೋರಿಯ ಕೆಳಗೆ ನೀರು ಹೋಗುತ್ತಿತ್ತು. ಅದನ್ನು ನೋಡುತ್ತ ಒಂದೊಂದಾಗಿ ಎಲ್ಲ ಇಳಿಯಿತು. ಹೆಂಡತಿ, ಸೊಸೆ, ತಾಯಿ, ಆಮೇಲೆ ಮೈಮೇಲೆ ಹೊಸದಾಗಿ ಬಂದಿದ್ದ ಜಗಳಗಂಟಿ.

ಹೋದ ವಾರ ಹಾಗೆ ಕೂತಿದ್ದಾಗ ಮನೆಯೊಳಗಿನಿಂದ ನಮ್ಮವರ ಕೂಗು ಕೇಳಿಸಿತು. ಈ ಮನೆಯಲ್ಲಿ ಹೇಳೋರಿಲ್ಲ ಕೇಳೋರಿಲ್ಲ, ಬೀದಿಯಲ್ಲಿ ಕೂತು ಮಾನ ಕಳೀತಾಳೆ ಎನ್ನುತ್ತ ಹಜಾರ ದಾಟಿ, ಬಾಗಿಲಿಗೆ ಬಂದು, ದಡದಡನೆ ಇಳಿದರು. ಮೆಟ್ಟಿಲಿಳಿದದ್ದೇ ಕೂಗು ನಿಂತಿತು. ಯಾಕೆ ಬಂದೆನೆಂದು ನೆನಪಾಗದವರ ಹಾಗೆ ಒಂದು ಕ್ಷಣ ಇಳಿಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ನಿಂತರು. ಆಮೇಲೆ ನಿಧಾನವಾಗಿ ರಸ್ತೆ ದಾಟಿ ಬಂದರು. ಎಷ್ಟೋ ದಿನದ ಮೇಲೆ ಅವರ ಮುಖ ಅವರದಾಗಿತ್ತು. ವಯಸ್ಸಾದ, ದಣಿದ, ಕೆಟ್ಟದ್ದಲ್ಲದ ಮುಖ.

‘ಇಲ್ಲಿ ಏನು ಮಾಡ್ತೀಯ?’ ಎಂದರು.

‘ಏನೂ ಇಲ್ಲ.’

ಮೋರಿಯ ನೀರನ್ನು ಬಗ್ಗಿ ನೋಡಿದರು. ಅಲ್ಲಿ ಏನೂ ಕಾಣದೆ ನನ್ನನ್ನು ನೋಡಿದರು. ಕಟ್ಟೆಯ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ‘ಚೆನ್ನಾಗಿದೆಯಲ್ಲ ಇಲ್ಲಿ,’ ಎಂದರು, ಮೃದುವಾಗಿ, ಆ ದಿನ ಕಿಟಕಿಯಲ್ಲಿ ನಿಂತು ಕರೆದ ದನಿಯಲ್ಲಿ. ‘ನಾನೂ ಕೂರ್ಲೇನೇ?’

ನನ್ನ ಕಿವಿ ಬಿಸಿಯಾಗಲಿಲ್ಲ. ಕೈ ಸೆರಗಿಗೆ ಹೋಗಲಿಲ್ಲ. ಕೋಪವನ್ನು ಹುಡುಕಿ ನೋಡಿದೆ, ಇರಲಿಲ್ಲ. ಅವರ ಮೇಲೆ ಸ್ವಲ್ಪ ಕನಿಕರವಿತ್ತು. ‘ಹೂಂ’ ಎನ್ನುವುದಕ್ಕೆ ತುಟಿ ಕೂಡಿಬಂದದ್ದೂ ನನಗೆ ತಿಳಿಯಿತು.

‘ಬೇಡ,’ ಎಂದೆ.

ಅವರು ನಾನು ಇನ್ನೇನಾದರೂ ಹೇಳುತ್ತೇನೆಂದು ಕಾದರು. ನಾನು ಮೋರಿಯ ನೀರಿನ ಕಡೆ ತಿರುಗಿದೆ. ಮತ್ತೆ ರಸ್ತೆ ದಾಟಿ ಒಳಗೆ ಹೋದರು. ಹೊಸಿಲು ದಾಟಿದ್ದೇ ಒಳಗಿನಿಂದ ತಟ್ಟೆ ಲೋಟಗಳ ಸದ್ದು ಜೋರಾಗಿ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅದೂ ಕೇಳಿಸಲಿಲ್ಲ.